ಮಳೆ ಬದಲಾದಾಗ ಊರು ಏನನ್ನು ಬದಲಿಸಿಕೊಳ್ಳಬೇಕು

ಹವಾಮಾನ ಬದಲಾವಣೆಯ ಕುರಿತ ಬರಹಗಳು ಸಾಮಾನ್ಯವಾಗಿ ಸರಾಸರಿ ತಾಪಮಾನದಿಂದ ಆರಂಭವಾಗುತ್ತವೆ. 1850ರಿಂದ 1900ರವರೆಗಿನ ಅವಧಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿತ್ತು ಎಂಬುದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಲೆಕ್ಕ. ಲೆಕ್ಕ ಸರಿಯಾದದ್ದೇ. ಆದರೆ ಹೊಲದಲ್ಲಿ ನಿಂತವರಿಗೆ ಸರಾಸರಿ ಎಂಬುದು ಎಂದೂ ಎದುರಾಗುವುದಿಲ್ಲ. ಅವರಿಗೆ ಎದುರಾಗುವುದು ಬಿತ್ತನೆ ಮುಗಿದ ಮೇಲೆ ವಾರಗಟ್ಟಲೆ ಮಾಯವಾಗುವ ಮಳೆ, ಪೈರು ಹೂ ಬಿಡುವ ಹೊತ್ತಿಗೆ ಬಂದು ತೆನೆಯನ್ನು ಜೊಳ್ಳಾಗಿಸುವ ಬಿಸಿಲು, ಕೊಯ್ಲಿಗೆ ಬಂದ ಬೆಳೆಯನ್ನು ನೆಲಕ್ಕೆ ಮಲಗಿಸುವ ಜಡಿಮಳೆ.

ಇದರ ಹಿಂದಿನ ಕಾರಣ ಸರಳವಾಗಿದೆ. ಗಾಳಿ ಒಂದು ಡಿಗ್ರಿಯಷ್ಟು ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿಯುವಾಗ ಮಳೆ ಒಮ್ಮೆಲೇ ಸುರಿಯುತ್ತದೆ, ನಡುವಿನ ಬಿಡುವಿನಲ್ಲಿ ಅದೇ ಬಿಸಿ ಗಾಳಿ ನೆಲದ ತೇವವನ್ನು ಬೇಗ ಹೀರುತ್ತದೆ. ವರ್ಷದ ಕೊನೆಯಲ್ಲಿ ಮಳೆಮಾಪಕದ ಲೆಕ್ಕ ನೋಡಿದರೆ ಮೊತ್ತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ ಇರಬಹುದು. ಬೆಳೆ ಮಾತ್ರ ಕೈಗೆ ಸಿಕ್ಕಿರುವುದಿಲ್ಲ. ಭತ್ತ ಹೂ ಬಿಡುವ ದಿನಗಳಲ್ಲಿ ಉಷ್ಣತೆ 35 ಡಿಗ್ರಿ ದಾಟಿ ಕೆಲವೇ ಗಂಟೆ ನಿಂತರೂ ಪರಾಗಸ್ಪರ್ಶ ಕೆಟ್ಟು ಕಾಳು ಕಟ್ಟುವುದಿಲ್ಲ. ಹಗಲಿಗಿಂತ ರಾತ್ರಿಯ ಸೆಕೆ ಹೆಚ್ಚು ಕಾಡುವುದೂ ಉಂಟು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನ ಪ್ರಯೋಗ ತಾಕುಗಳ ದೀರ್ಘಕಾಲದ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆ ಹಂಗಾಮಿನ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇಕಡಾ 10ರಷ್ಟು ಕುಸಿಯುತ್ತದೆ ಎಂದು ಕಂಡುಬಂದಿತ್ತು.

ಇಂಥ ಸ್ಥಿತಿಗೆ ರೈತ ಸಮುದಾಯಗಳು ಹೇಗೆ ಹೊಂದಿಕೊಳ್ಳುತ್ತಿವೆ ಎಂಬ ಪ್ರಶ್ನೆಗೆ ಉತ್ತರವಾಗಿ ಹೊಸ ತಳಿ, ಹನಿ ನೀರಾವರಿ, ಕೃಷಿಹೊಂಡ, ಮೊಬೈಲ್ ಮುನ್ಸೂಚನೆ, ಬೆಳೆ ವಿಮೆ ಎಂಬ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಬೇರೆ ಬೇರೆ ದೇಶಗಳ ಉದಾಹರಣೆಗಳನ್ನು ಓದುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಬೇರೆಯದು. ಎಲ್ಲೆಲ್ಲಿ ಒಂದು ಊರು ನಿಜವಾಗಿ ತನ್ನ ಬೇಸಾಯವನ್ನು ಬದಲಾದ ಮಳೆಗೆ ಒಗ್ಗಿಸಿಕೊಂಡಿದೆಯೋ ಅಲ್ಲೆಲ್ಲ ತಂತ್ರಕ್ಕಿಂತ ಮೊದಲು ಅಥವಾ ತಂತ್ರದ ಜೊತೆಗೇ ಒಂದು ಹಕ್ಕಿನ ಪ್ರಶ್ನೆ ಇತ್ಯರ್ಥವಾಗಿರುತ್ತದೆ: ಈ ಮರ ಯಾರದು, ಈ ನೀರು ಯಾರದು, ಈ ನೆಲದಲ್ಲಿ ಇಂದು ದುಡಿದವರಿಗೆ ನಾಳೆಯೂ ಇಲ್ಲಿ ಉಳುಮೆ ಮಾಡುವ ಭರವಸೆ ಇದೆಯೇ? ಅದು ಇತ್ಯರ್ಥವಾಗದ ಕಡೆ ಒಳ್ಳೆಯ ತಂತ್ರವೂ ಅರ್ಧದಲ್ಲೇ ನಿಲ್ಲುತ್ತದೆ.

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸಾಹೆಲ್ ಪ್ರದೇಶದಲ್ಲಿ 1960ರ ದಶಕದ ಕೊನೆಯಿಂದ 1980ರ ದಶಕದವರೆಗೆ ಮಳೆ ದೀರ್ಘಕಾಲ ಕೈಕೊಟ್ಟಿತ್ತು. ಬುರ್ಕಿನಾ ಫಾಸೋ ದೇಶದ ಯಾಟೆಂಗಾ ಪ್ರಾಂತ್ಯದಲ್ಲಿ ಹೊಲಗಳ ಮೇಲ್ಮಣ್ಣು ಕೊಚ್ಚಿಹೋಗಿ, ಉಳಿದ ನೆಲ ಸುಟ್ಟ ಹೆಂಚಿನಂತೆ ಗಟ್ಟಿಯಾಗಿ, ಬಿದ್ದ ಅಲ್ಪ ಮಳೆಯೂ ಒಳಗಿಳಿಯದೆ ಹರಿದುಹೋಗುತ್ತಿತ್ತು. ಅನೇಕ ಕುಟುಂಬಗಳು ಊರು ಬಿಟ್ಟವು. ಅದೇ ಕಾಲದಲ್ಲಿ ಯಾಕೂಬಾ ಸಾವಾಡೊಗೊ ಎಂಬ ರೈತರು ಆ ಭಾಗದಲ್ಲಿ ಹಿಂದಿನಿಂದಲೂ ಇದ್ದ, ‘ಜಾಯಿ’ ಎಂದು ಕರೆಯುವ ಗುಣಿ ಪದ್ಧತಿಯನ್ನು ಕೈಗೆತ್ತಿಕೊಂಡು ತಿದ್ದಿದರು. ಬೇಸಿಗೆಯಲ್ಲಿ, ನೆಲ ಕಾದು ಕಲ್ಲಾಗಿರುವಾಗಲೇ, ಒಂದು ಗೇಣು ಅಥವಾ ಅದಕ್ಕೂ ಹೆಚ್ಚು ಅಗಲದ, ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಆಳದ ಗುಣಿಗಳನ್ನು ಸಾಲಾಗಿ ತೋಡಬೇಕು. ತೋಡಿದ ಮಣ್ಣನ್ನು ಇಳಿಜಾರಿನ ಕಡೆಗೆ ಅರ್ಧಚಂದ್ರಾಕಾರದಲ್ಲಿ ಏರಿಸಬೇಕು. ಪ್ರತಿ ಗುಣಿಗೂ ಒಂದೆರಡು ಬೊಗಸೆ ಗೊಬ್ಬರ ಹಾಕಬೇಕು. ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತದೆ. ಬೇರೆ ಕಡೆ ಶತ್ರುವಾದ ಗೆದ್ದಲು ಇಲ್ಲಿ ಗುಣಿಯ ತಳದಲ್ಲಿ ಸಣ್ಣ ಸಣ್ಣ ಸುರಂಗ ಕೊರೆದು, ಮೊದಲ ಮಳೆಯ ನೀರು ಆಳಕ್ಕಿಳಿಯಲು ದಾರಿ ಮಾಡಿಕೊಡುತ್ತದೆ. ಆಮೇಲೆ ಗುಣಿಯಲ್ಲಿ ಜೋಳವನ್ನೋ ಸಜ್ಜೆಯನ್ನೋ ಬಿತ್ತುತ್ತಾರೆ. ಮಳೆ ನಡುವೆ ಕೆಲದಿನ ತಡೆದರೂ ಬೇರಿನ ಬುಡದಲ್ಲಿ ತೇವ ಉಳಿದಿರುತ್ತದೆ.

ಕೇಳಲು ಸುಲಭ. ಒಂದು ಹೆಕ್ಟೇರಿಗೆ ಇಂಥ ಗುಣಿಗಳು ಹತ್ತು ಸಾವಿರವನ್ನು ದಾಟುತ್ತವೆ ಮತ್ತು ಎಲ್ಲವನ್ನೂ ಕೈಯಿಂದಲೇ, ಉರಿಬಿಸಿಲಿನಲ್ಲಿ ತೋಡಬೇಕು ಎಂಬುದನ್ನು ನೆನಪಿಟ್ಟುಕೊಂಡರೆ, ತನ್ನದಲ್ಲದ ಹೊಲದಲ್ಲಿ ಯಾರೂ ಈ ಕೆಲಸಕ್ಕೆ ಏಕೆ ಕೈಹಾಕುವುದಿಲ್ಲ ಎಂಬುದು ಅರ್ಥವಾಗುತ್ತದೆ. ಗೊಬ್ಬರದಲ್ಲಿದ್ದ ಮರದ ಬೀಜಗಳೂ ಗುಣಿಗಳಲ್ಲಿ ಮೊಳೆತವು. ಸಾವಾಡೊಗೊ ಅವುಗಳನ್ನು ಕಳೆಯೆಂದು ಕೀಳದೆ ಉಳಿಸಿಕೊಂಡರು. ದಶಕಗಳಲ್ಲಿ ಅಲ್ಲೊಂದು ಕಾಡೇ ಬೆಳೆಯಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಆದರೆ ಸಮೀಪದ ವಾಹಿಗೂಯಾ ಪಟ್ಟಣ ಬೆಳೆದಂತೆ ಅದರ ವಿಸ್ತರಣೆಯ ನಕ್ಷೆಯೊಳಗೆ ಆ ಕಾಡಿನ ಭಾಗವೂ ಸೇರಿ, ಮರಗಳ ನಡುವೆಯೇ ನಿವೇಶನಗಳು ಎದ್ದವು. ಬಂಜರನ್ನು ಕಾಡು ಮಾಡಿದವರ ಬಳಿ ಆ ನೆಲವನ್ನು ಉಳಿಸಿಕೊಳ್ಳುವಷ್ಟು ಗಟ್ಟಿಯಾದ ಕಾಗದವಿರಲಿಲ್ಲ. ಅವರು 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಯಾಟೆಂಗಾದ ಇನ್ನೊಂದು ಕೆಲಸ ನನಗೆ ಇದಕ್ಕಿಂತಲೂ ಇಷ್ಟ, ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲವಾದರೂ. ಇಳಿಜಾರಿಗೆ ಅಡ್ಡಲಾಗಿ ಕಲ್ಲುಗಳ ಸಾಲನ್ನು ಜೋಡಿಸಿದರೆ ಹರಿಯುವ ನೀರು ನಿಧಾನವಾಗಿ, ಹೂಳು ಅಲ್ಲೇ ನಿಂತು, ತೇವ ಇಂಗುತ್ತದೆ. ಈ ಸಾಲು ಸರಿಯಾಗಿ ಸಮಪಾತಳಿಯಲ್ಲಿ ಇರಬೇಕು. ಒಂದು ಕಡೆ ತುಸು ತಗ್ಗಾದರೂ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲು ಬೀಳುತ್ತದೆ. ಕಣ್ಣಳತೆಗೆ ಸಿಗದಷ್ಟು ಕಡಿಮೆ ಇಳಿಜಾರಿನ ಹೊಲಗಳಲ್ಲಿ ಅದನ್ನು ಗುರುತಿಸುವುದು ಕಷ್ಟ. 1979ರಲ್ಲಿ ಆರಂಭವಾದ ಆಕ್ಸ್‌ಫಾಮ್ ಎಂಬ ನೆರವು ಸಂಸ್ಥೆಯ ಯೋಜನೆಯೊಂದು ಅಲ್ಲಿನ ರೈತರ ಜೊತೆ ಸೇರಿ ಇದಕ್ಕೆ ಕಂಡುಕೊಂಡ ಸಾಧನ ಒಂದು ಉದ್ದನೆಯ ಪಾರದರ್ಶಕ ಕೊಳವೆ. ಕೊಳವೆಯ ಎರಡೂ ತುದಿಗಳನ್ನು ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ, ಒಳಗೆ ನೀರು ತುಂಬಿ, ಇಬ್ಬರು ಒಂದೊಂದು ಕೋಲು ಹಿಡಿದು ನಿಲ್ಲುತ್ತಾರೆ. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬರುವವರೆಗೆ ಒಬ್ಬರು ಅತ್ತಿತ್ತ ಸರಿಯಬೇಕು. ಬಂದ ಕಡೆ ನೆಲಕ್ಕೊಂದು ಗೀಟು. ಹೀಗೆ ಗೀಟಿನಿಂದ ಗೀಟಿಗೆ ಸಾಗಿದರೆ ಸಮಪಾತಳಿಯ ರೇಖೆ ಮೂಡುತ್ತದೆ. ಓದು ಬರಹ ಬೇಕಿಲ್ಲ, ಒಂದೆರಡು ದಿನದಲ್ಲಿ ಕೈವಶವಾಗುತ್ತದೆ. ಆದರೆ ಆ ರೇಖೆಗೆ ಯಾರ ಹೊಲದ ಗಡಿಯೂ ಗೊತ್ತಿರುವುದಿಲ್ಲ. ಅದು ಒಬ್ಬರ ಹೊಲದಲ್ಲಿ ಹೊರಟು ನಾಲ್ಕಾರು ಜನರ ಹೊಲಗಳನ್ನು ಹಾದುಹೋಗುತ್ತದೆ. ಮೇಲಿನ ಹೊಲದವರು ಕಲ್ಲು ಇಡದಿದ್ದರೆ ಕೆಳಗಿನವರ ಸಾಲು ಮೊದಲ ಬಿರುಮಳೆಗೇ ಕಿತ್ತುಹೋಗುತ್ತದೆ. ಹಾಗಾಗಿ ಕೊಳವೆ ಹಿಡಿಯುವುದಕ್ಕೆ ಮೊದಲು ಊರು ಕೂತು ಮಾತಾಡಲೇಬೇಕಾಗುತ್ತದೆ. ಕಲ್ಲು ಹೊರುವುದು ಆಮೇಲಿನ ಮಾತು.

ಪಕ್ಕದ ನೈಜರ್ ದೇಶದಲ್ಲಿ ಇದೇ ಪ್ರಶ್ನೆ ಮರದ ರೂಪದಲ್ಲಿ ಎದುರಾಯಿತು. ಅಲ್ಲಿ ಸಸಿ ನೆಡುವ ಯೋಜನೆಗಳು ಒಂದರ ಮೇಲೊಂದು ಬಂದು, ಸಸಿಗಳು ಒಣಗಿ ಹೋಗುತ್ತಿದ್ದವು. 1980ರ ದಶಕದ ಆರಂಭದಲ್ಲಿ ಮರಾಡಿ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ, ಹೊಲಗಳಲ್ಲಿ ಪೊದೆಗಳೆಂದು ಕಾಣುತ್ತಿದ್ದವು ಹಿಂದೆ ಕಡಿದ ಮರಗಳ ಬುಡದಿಂದ ಒಡೆದ ಚಿಗುರುಗಳು ಎಂಬುದನ್ನು ಗಮನಿಸಿದರು. ಬೇರು ನೆಲದೊಳಗೆ ಜೀವಂತವಾಗಿತ್ತು. ಪ್ರತಿ ವರ್ಷ ಹೊಲ ಹಸನು ಮಾಡುವಾಗ ಚಿಗುರನ್ನು ಸವರಿಬಿಡುತ್ತಿದ್ದರು, ಅಷ್ಟೆ. ಒಂದು ಬುಡದಲ್ಲಿ ನಾಲ್ಕಾರು ಗಟ್ಟಿ ಕವಲುಗಳನ್ನು ಬಿಟ್ಟು ಉಳಿದವನ್ನು ಕತ್ತರಿಸಿದರೆ ಕೆಲವೇ ವರ್ಷಗಳಲ್ಲಿ ಮರವಾಗುತ್ತದೆ. ನೆಡುವ ಖರ್ಚಿಲ್ಲ, ನೀರು ಹೊತ್ತು ಹಾಕುವ ಕೆಲಸವಿಲ್ಲ. ಅಲ್ಲಿನ ‘ಗಾವೊ’ ಮರವಂತೂ ಮಳೆಗಾಲದಲ್ಲಿಯೇ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗುವ ವಿಚಿತ್ರ ಸ್ವಭಾವದ್ದು. ಬೆಳೆಗೆ ನೆರಳಾಗಿ ಅಡ್ಡಬರುವುದಿಲ್ಲ, ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ.

ಇಷ್ಟು ಸುಲಭವಾದದ್ದನ್ನು ರೈತರು ಮೊದಲೇ ಏಕೆ ಮಾಡಲಿಲ್ಲ? ವಸಾಹತು ಆಡಳಿತದ ಕಾಲದಿಂದ ಬಂದ ಕಾನೂನಿನ ಪ್ರಕಾರ ಹೊಲದೊಳಗಿನ ಮರವೂ ಸರ್ಕಾರದ್ದಾಗಿತ್ತು. ಬೆಳೆಸಿ ಕೊಂಬೆ ಕಡಿದರೆ ಅರಣ್ಯ ಸಿಬ್ಬಂದಿಯಿಂದ ದಂಡ ಬೀಳುವ ಭಯವಿರುವಾಗ, ಚಿಗುರಿನಲ್ಲೇ ಸವರಿಹಾಕುವುದು ಜಾಣತನವೇ ಆಗಿತ್ತು. 1980ರ ದಶಕದ ನಂತರ ಆ ಕಾನೂನಿನ ಬಿಗಿ ಸಡಿಲಿ, ತಾವು ಕಾಪಾಡಿದ ಮರದ ಸೌದೆ, ಮೇವು ತಮಗೇ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ ಮರಗಳು ಹೊಲದಿಂದ ಹೊಲಕ್ಕೆ ಹರಡಿದವು. ಉಪಗ್ರಹ ಚಿತ್ರಗಳನ್ನೂ ಕ್ಷೇತ್ರ ಸಮೀಕ್ಷೆಯನ್ನೂ ಆಧರಿಸಿದ ಅಂದಾಜಿನಂತೆ ದಕ್ಷಿಣ ನೈಜರ್‌ನಲ್ಲಿ ಹೀಗೆ ಹಸಿರಾದ ಕೃಷಿಭೂಮಿ ಸುಮಾರು 50 ಲಕ್ಷ ಹೆಕ್ಟೇರ್. ಇದರಲ್ಲಿ ಚಿಗುರು ಸವರುವ ಕೌಶಲದ ಪಾಲು ದೊಡ್ಡದೋ, ಮರದ ಒಡೆತನದ ಪಾಲು ದೊಡ್ಡದೋ ಎಂದು ಕೇಳಿದರೆ ನಾನು ಒಡೆತನದ ಕಡೆಗೇ ವಾಲುತ್ತೇನೆ. ಕೌಶಲ ಆ ರೈತರಿಗೆ ಹೊಸದೇನೂ ಆಗಿರಲಿಲ್ಲ.

ನೀರಿನ ವಿಷಯ ಇನ್ನೂ ಜಟಿಲ, ಏಕೆಂದರೆ ಮರದಂತೆ ಅದು ಒಂದೇ ಹೊಲದಲ್ಲಿ ನಿಲ್ಲುವುದಿಲ್ಲ. ಮಳೆ ಕೈಕೊಟ್ಟಾಗ ಕೊಳವೆಬಾವಿ ಕೊರೆಸುವುದು ಒಬ್ಬ ರೈತನ ದೃಷ್ಟಿಯಿಂದ ಅತ್ಯಂತ ಸಹಜವಾದ ಹೊಂದಾಣಿಕೆ. ಊರಿನ ದೃಷ್ಟಿಯಿಂದ ಅದು ಪಕ್ಕದವರ ಬಾವಿಯನ್ನು ಬತ್ತಿಸುವ ಪೈಪೋಟಿ. ಹನಿ ನೀರಾವರಿಯ ವಿಷಯದಲ್ಲೂ ಇದೇ ತೊಡಕಿದೆ. ಒಂದು ಎಕರೆಯಲ್ಲಿ ಉಳಿದ ನೀರನ್ನು ರೈತರು ಸಹಜವಾಗಿಯೇ ಇನ್ನೊಂದು ಎಕರೆಗೆ ಹಾಯಿಸುತ್ತಾರೆ, ಅಥವಾ ಹೆಚ್ಚು ನೀರು ಬೇಡುವ ಬೆಳೆಗೆ ಬದಲಾಗುತ್ತಾರೆ. ಅಂತರ್ಜಲದ ಲೆಕ್ಕದಲ್ಲಿ ಉಳಿತಾಯ ಕಾಣುವುದಿಲ್ಲ. ಇದಕ್ಕೆ ರೈತರನ್ನು ದೂರುವುದು ಸರಿಯಲ್ಲ. ಒಟ್ಟು ಎಷ್ಟು ನೀರನ್ನು ಎತ್ತಬಹುದು ಎಂಬುದಕ್ಕೆ ಯಾರೂ ಮಿತಿ ಹಾಕದಿರುವಾಗ ಉಳಿಸಿದ ನೀರು ಉಳಿಸಿದವರಿಗೆ ದಕ್ಕುತ್ತದೆ ಎಂಬ ಭರವಸೆಯಾದರೂ ಎಲ್ಲಿದೆ?

ಮಿತಿಯನ್ನು ಊರೇ ಹಾಕಿಕೊಂಡ ಉದಾಹರಣೆ ಮಹಾರಾಷ್ಟ್ರದ ಹಿವರೆ ಬಜಾರ್. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 1989ರಲ್ಲಿ ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ ಗುಡ್ಡದ ಇಳಿಜಾರುಗಳಲ್ಲಿ ಬದು, ಕಂದಕ, ತಡೆಗಟ್ಟೆಗಳ ಕೆಲಸ ನಡೆಯಿತು. ಇಂಥ ಜಲಾನಯನ ಕಾಮಗಾರಿ ಬೇರೆ ಸಾವಿರಾರು ಊರುಗಳಲ್ಲೂ ನಡೆದಿದೆ. ಹಿವರೆ ಬಜಾರ್ ಬೇರೆಯಾಗುವುದು ಆಮೇಲೆ ಹಾಕಿಕೊಂಡ ಕಟ್ಟಳೆಗಳಿಂದ: ನೀರಾವರಿಗೆ ಕೊಳವೆಬಾವಿ ಕೊರೆಯುವಂತಿಲ್ಲ, ಕಬ್ಬು ಹಾಗೂ ಬಾಳೆಯಂಥ ನೀರು ಹೀರುವ ಬೆಳೆ ಇಡುವಂತಿಲ್ಲ, ಗುಡ್ಡದಲ್ಲಿ ದನ ಬಿಡುವಂತಿಲ್ಲ, ಮರ ಕಡಿಯುವಂತಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಲೆಕ್ಕ ಹಾಕಿ, ಕುಡಿಯುವ ನೀರು ಮತ್ತು ದನಕರುಗಳ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸುತ್ತಾರೆ. ಮಳೆ ಕಡಿಮೆಯಾದ ವರ್ಷ ಬೆಳೆ ಬದಲಾಗುತ್ತದೆ. ಇಂಥ ಊರುಗಳನ್ನು ಮಾದರಿ ಗ್ರಾಮವೆಂದು ಹೊಗಳಿ ಬರುವ ನಿಯೋಗಗಳು ಹೆಚ್ಚಾಗಿ ತಡೆಗಟ್ಟೆಯ ಚಿತ್ರ ತೆಗೆದುಕೊಂಡು ಹೋಗುತ್ತವೆ. ಕಬ್ಬು ಬೆಳೆಯುವುದಿಲ್ಲ ಎಂದು ನೀರಿದ್ದವರೂ ಒಪ್ಪಿದ ಸಭೆಯ ಚಿತ್ರ ತೆಗೆಯುವುದು ಹೇಗೆ?

ತಳಿಗಳ ಬಗ್ಗೆ ಒಂದೆರಡು ಮಾತು. ಒಡಿಶಾದ ರೈತರು ನೆರೆ ತಡೆಯುತ್ತದೆಂದು ಉಳಿಸಿಕೊಂಡು ಬಂದಿದ್ದ ನಾಟಿ ಭತ್ತವೊಂದರಿಂದ ಬೇರ್ಪಡಿಸಿದ ಎಫ್‌ಆರ್ 13ಎ ಎಂಬ ತಳಿಯಲ್ಲಿ, ಪೈರು ಪೂರ್ತಿ ಮುಳುಗಿದಾಗ ಎತ್ತರಕ್ಕೆ ಬೆಳೆಯಲು ಶಕ್ತಿ ವ್ಯಯಿಸದೆ ಸುಮ್ಮನೆ ಕಾಯುವ ಗುಣವಿದೆ. ಅದಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಅದನ್ನು ಜನಪ್ರಿಯ ಸ್ವರ್ಣ ತಳಿಗೆ ಸೇರಿಸಿದ ‘ಸ್ವರ್ಣ ಸಬ್-1’ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಸುಮಾರು ಎರಡು ವಾರ ಮುಳುಗಿದ್ದರೂ ಅದು ಮತ್ತೆ ಚಿಗುರಬಲ್ಲದು. ಒಡಿಶಾದಲ್ಲಿ ನಡೆದ ಕ್ಷೇತ್ರ ಅಧ್ಯಯನಗಳು ಎರಡು ಸಂಗತಿಗಳನ್ನು ತೋರಿಸಿದವು. ನೆರೆಗೆ ಮೊದಲು ಸಿಗುವ ತಗ್ಗಿನ ಹೊಲಗಳು ಹೆಚ್ಚಾಗಿ ಪರಿಶಿಷ್ಟ ಜಾತಿಯ ರೈತರ ಪಾಲಿಗೆ ಬಂದಿದ್ದರಿಂದ ಈ ತಳಿಯ ಲಾಭವೂ ಅವರಿಗೆ ಹೆಚ್ಚು ಸಿಗುವಂತಾಯಿತು. ಎರಡನೆಯದಾಗಿ, ಬೆಳೆ ಪೂರ್ತಿ ಕೊಚ್ಚಿಹೋಗುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ರೈತರು ಗೊಬ್ಬರಕ್ಕೂ ನಾಟಿಗೂ ಹೆಚ್ಚು ಖರ್ಚು ಮಾಡತೊಡಗಿ, ನೆರೆ ಬಾರದ ವರ್ಷಗಳಲ್ಲೂ ಇಳುವರಿ ಏರಿತು. ಭರವಸೆಯೇ ಒಂದು ಒಳಸುರಿಯಾಗಿ ಕೆಲಸ ಮಾಡುವುದು ಹೀಗೆ.

ಬೆಟ್ಟದ ರೈತರಿಗೆ ಹೊಂದಾಣಿಕೆಯೆಂದರೆ ಹೆಚ್ಚಾಗಿ ಮೇಲಕ್ಕೆ ಸರಿಯುವುದು. ಪೆರು ದೇಶದ ಪಿಸಾಕ್ ಬಳಿ ಕ್ವೆಚುವಾ ಸಮುದಾಯಗಳು ಸೇರಿ ನಡೆಸುವ ಆಲೂಗಡ್ಡೆ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. 2004ರಲ್ಲಿ ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡು, ಹಿಂದೆ ತಮ್ಮ ನೆಲದಿಂದ ಸಂಗ್ರಹಿಸಿ ಒಯ್ದಿದ್ದ ತಳಿಗಳನ್ನು ಅವರು ವಾಪಸ್ ಪಡೆದರು. ಬಿಸಿ ಹೆಚ್ಚಿ ಕೀಟಗಳು ಮೇಲೇರಿದಂತೆ ಅವರ ಬಿತ್ತನೆಯೂ ಮೇಲೇರಿದೆ. ಆದರೆ ಬೆಟ್ಟಕ್ಕೊಂದು ತುದಿಯಿದೆ, ಮೇಲೆ ಹೋದಂತೆ ಮಣ್ಣು ತೆಳುವಾಗುತ್ತದೆ. ಲಡಾಖ್‌ನಲ್ಲಿ ಸಮಸ್ಯೆ ಬೇರೆ: ಬಿತ್ತನೆಯ ವಸಂತದಲ್ಲಿ ನೀರಿಲ್ಲ, ಹಿಮನದಿ ಕರಗಿ ನೀರು ಬರುವ ಹೊತ್ತಿಗೆ ಹದ ದಾಟಿರುತ್ತದೆ. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯನ್ನು ನೆರಳಿನ ಕಣಿವೆಗೆ ತಿರುಗಿಸಿ, ಬಿತ್ತನೆಯ ಹೊತ್ತಿಗೆ ಕರಗುವಂತೆ ಹೆಪ್ಪುಗಟ್ಟಿಸುವ ಉಪಾಯವನ್ನು ಇಂಜಿನಿಯರ್ ಚೆವಾಂಗ್ ನಾರ್ಫೆಲ್ 1980ರ ದಶಕದಲ್ಲಿ ಆರಂಭಿಸಿದರು. ನೀರನ್ನು ಗೋಪುರದ ಆಕಾರದಲ್ಲಿ ಹೆಪ್ಪುಗಟ್ಟಿಸುವ ಸೋನಮ್ ವಾಂಗ್‌ಚುಕ್ ಅವರ ಮಂಜಿನ ಸ್ತೂಪ ಅದರ ಮುಂದಿನ ರೂಪ. ಇಲ್ಲೂ ತೊರೆಯ ಮೇಲಿನ ಊರು ಮತ್ತು ಕೆಳಗಿನ ಊರುಗಳ ಪಾಲಿನ ಮಾತು ಬಂದೇ ಬರುತ್ತದೆ.

ಬೆಳೆ ವಿಮೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಳೆಮಾಪಕದ ಅಥವಾ ಉಪಗ್ರಹದ ಸೂಚ್ಯಂಕವನ್ನು ಆಧರಿಸಿದ ವಿಮೆಯಲ್ಲಿ, ಮಾಪಕವಿರುವ ಕಡೆ ಮಳೆ ಬಿದ್ದು ತನ್ನ ಹೊಲದಲ್ಲಿ ಬೀಳದಿದ್ದರೆ ರೈತರಿಗೆ ಪರಿಹಾರವಿಲ್ಲ. ಬದಲಾಗಿ, ಮಾಲಿ ದೇಶ 1982ರಿಂದ ಮಾಡಿದ ಪ್ರಯೋಗ ಹೆಚ್ಚು ಮೆಚ್ಚುವಂಥದ್ದು: ಹವಾಮಾನ ಇಲಾಖೆ ಹಳ್ಳಿಯ ರೈತರ ಕೈಗೇ ಮಳೆಮಾಪಕ ಕೊಟ್ಟು, ಅವರೇ ಅಳೆದ ಅಂಕಿಗಳನ್ನು ಆಧರಿಸಿ ಬಿತ್ತನೆಯ ದಿನವನ್ನು ತೀರ್ಮಾನಿಸಲು ನೆರವಾಯಿತು. ಸ್ವತಃ ಅಳೆದ ಮಳೆಯ ಲೆಕ್ಕವನ್ನು ನಂಬುವುದು ಸುಲಭ.

ವಲಸೆಯನ್ನು ಹೊಂದಾಣಿಕೆಯ ಸೋಲೆಂದು ಬಗೆಯುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಪಟ್ಟಣಕ್ಕೆ ಹೋದ ಒಬ್ಬರು ಕಳಿಸುವ ಹಣದಿಂದಲೇ ಎಷ್ಟೋ ಕಡೆ ಬದು ಕಟ್ಟುವುದೂ ಬೀಜ ಕೊಳ್ಳುವುದೂ ಸಾಧ್ಯವಾಗುತ್ತದೆ. ತೊಂದರೆಯಿರುವುದು ಬೇರೆ ಕಡೆ. ಗಂಡಸರು ಹೋದ ಮೇಲೆ ಬೇಸಾಯದ ಭಾರ ಹೆಂಗಸರ ಮೇಲೆ ಬೀಳುತ್ತದೆ, ಪಹಣಿಯಲ್ಲಿ ಮಾತ್ರ ಅವರ ಹೆಸರು ಇರುವುದಿಲ್ಲ. ಹೆಸರಿಲ್ಲದವರಿಗೆ ಸಾಲ, ಸಹಾಯಧನ, ಪರಿಹಾರ ಯಾವುದೂ ನೇರವಾಗಿ ಸಿಗುವುದಿಲ್ಲ. ಬಾಯಿಮಾತಿನ ಗೇಣಿಯಲ್ಲಿ ಉಳುಮೆ ಮಾಡುವವರ ಪಾಡೂ ಅದೇ: ಮೂರು ವರ್ಷದ ನಂತರ ಫಲ ಕೊಡುವ ಬದುವನ್ನೋ ಮರವನ್ನೋ ಮುಂದಿನ ವರ್ಷ ತನ್ನ ಕೈಯಲ್ಲಿರುವ ಖಾತ್ರಿಯಿಲ್ಲದ ಹೊಲದಲ್ಲಿ ಯಾರು ತಾನೇ ಮಾಡಿಯಾರು?

ಈ ಎಲ್ಲ ತೊಡಕುಗಳೂ ಒಟ್ಟಿಗೆ ಕಾಣಸಿಗುವುದು ಬಾಂಗ್ಲಾದೇಶದ ನೈಋತ್ಯ ಕರಾವಳಿಯಲ್ಲಿ. ಉಪ್ಪುನೀರು ಮತ್ತು ಉಬ್ಬರದಿಂದ ಹೊಲಗಳನ್ನು ಕಾಪಾಡಲೆಂದು 1960ರ ದಶಕದಲ್ಲಿ ಅಲ್ಲಿ ಏರಿಗಳನ್ನು ಕಟ್ಟಿದರು. ಮೊದಲ ವರ್ಷಗಳಲ್ಲಿ ಬೆಳೆ ಚೆನ್ನಾಗಿಯೇ ಬಂದಿತು. ಆದರೆ ಉಬ್ಬರದ ಜೊತೆ ಬರುವ ಹೂಳು ಅಲ್ಲಿ ‘ಬೀಲ್’ ಎಂದು ಕರೆಯುವ ತಗ್ಗು ಬಯಲುಗಳಿಗೆ ಹೋಗದೆ ನದಿಯ ಪಾತ್ರದಲ್ಲಿಯೇ ಕೂತು, ನದಿ ಎತ್ತರವಾಗಿ, ಏರಿಯೊಳಗಿನ ನೆಲ ತಗ್ಗಾಯಿತು. ಮಳೆನೀರು ಹೊರಹೋಗಲು ದಾರಿಯಿಲ್ಲದೆ ಹೊಲಗಳು ತಿಂಗಳುಗಟ್ಟಲೆ ಜೌಗು ಹಿಡಿದವು. 1990ರಲ್ಲಿ ಡಾಕಾತಿಯಾ ಬೀಲ್‌ನಲ್ಲಿ, 1997ರಲ್ಲಿ ಭಾಯ್ನಾ ಬೀಲ್‌ನಲ್ಲಿ ಊರಿನವರೇ ಏರಿಯನ್ನು ಕಡಿದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡರು. ದಿನಕ್ಕೆರಡು ಬಾರಿ ಒಳಬಂದ ನೀರು ಹೂಳನ್ನು ಬಯಲಿನಲ್ಲಿ ಬಿಟ್ಟು, ಹಿಂತಿರುಗುವಾಗ ನದಿಯ ಪಾತ್ರವನ್ನು ಕೊರೆದುಕೊಂಡು ಹೋಯಿತು. ನೆಲ ಏರಿತು, ನದಿ ಆಳವಾಯಿತು. ಕಾನೂನುಬಾಹಿರವೆಂದು ಆರಂಭವಾದ ಈ ಕೆಲಸವನ್ನು ಮುಂದೆ ಸರ್ಕಾರವೇ ‘ಉಬ್ಬರ ನದಿ ನಿರ್ವಹಣೆ’ ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು. ಸಮುದ್ರಮಟ್ಟ ಏರುತ್ತಿರುವ ಕರಾವಳಿಗೆ, ನೆಲವನ್ನೂ ಏರಿಸಬಲ್ಲ ಇಂಥ ವಿಧಾನಗಳು ಬೆರಳೆಣಿಕೆಯಷ್ಟೇ ಇವೆ.

ಆದರೆ ಒಂದು ಬಯಲಿಗೆ ಉಬ್ಬರದ ನೀರು ಬಿಟ್ಟರೆ ಅಲ್ಲಿನ ಹೊಲದವರು ಹಲವು ವರ್ಷ ಬೆಳೆ ಬಿಡಬೇಕಾಗುತ್ತದೆ, ಅದರ ಲಾಭ ಇಡೀ ನದಿ ಪ್ರದೇಶಕ್ಕೆ ಹಂಚಿಹೋಗುತ್ತದೆ. ಬೆಳೆ ಬಿಟ್ಟವರಿಗೆ ಪರಿಹಾರ ಕೊಡುವ ವ್ಯವಸ್ಥೆಯಾಯಿತು. ಭೂದಾಖಲೆಗಳನ್ನು ಒದಗಿಸಿ, ಒಡೆತನ ಸಾಬೀತುಪಡಿಸಿ ಹಣ ಪಡೆಯುವ ಹೊತ್ತಿಗೆ ಸಣ್ಣ ರೈತರು ಸೋತುಹೋದರು. ಗೇಣಿದಾರರಿಗೂ ಕೂಲಿಗಳಿಗೂ ಸಲ್ಲಿಸಲು ದಾಖಲೆಯೇ ಇರಲಿಲ್ಲ. ಮುಂದಿನ ಸರದಿಯ ಕಪಾಲಿಯಾ ಬೀಲ್‌ನಲ್ಲಿ 2012ರಲ್ಲಿ ಊರಿನವರು ವಿರೋಧಿಸಿ ಕೆಲಸವನ್ನು ನಿಲ್ಲಿಸಿದರು, ನದಿಯಲ್ಲಿ ಮತ್ತೆ ಹೂಳು ತುಂಬತೊಡಗಿತು.